ಹಳೆಯ ಮಹಡಿಗಳ ಕಂಬಿಯನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ನಕ್ಷೆ ಮಂಜೂರಾತಿ ಇಲ್ಲದೆ ಕಟ್ಟಿದ ಮಹಡಿಗಳ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ) ಎಷ್ಟು ಬಿಟ್ಟಿದ್ದಾರೆ, ಎಷ್ಟು ಮಹಡಿ ಏರಿಸಿದ್ದಾರೆ, ದಂಡ ಎಷ್ಟು ಕಟ್ಟಬೇಕು ಎಂಬಲ್ಲಿಗೇ ಮುಗಿಯುತ್ತದೆ. ಆ ಮಹಡಿ ಗಟ್ಟಿಯಾಗಿದೆಯೇ ಎಂದು ಕೇಳುವವರು ಇಲ್ಲ. ಹಳೆಯ ಮನೆಯ ದುರಸ್ತಿಗೆ ಹೊರಟು ನಾಲ್ಕು ತಿಂಗಳಿನಿಂದ ಈ ಪ್ರಶ್ನೆಯನ್ನು ಹೊತ್ತು ತಿರುಗುತ್ತಿರುವ ನಾನು, ನನ್ನಂತೆಯೇ ಸಿಕ್ಕಿಬಿದ್ದಿರುವ ಬಹಳಷ್ಟು ಮಂದಿ ಈ ಊರಿನಲ್ಲಿ ಇದ್ದಾರೆಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರಲ್ಲಿರುವ ಮೂವತ್ತು-ನಲವತ್ತರ ನಿವೇಶನ. ತಂದೆಯವರು 1988ರಲ್ಲಿ ಮಂಜೂರಾದ ನಕ್ಷೆಯಂತೆಯೇ ನೆಲಮಹಡಿ ಕಟ್ಟಿಸಿದರು. ಸೈಜುಗಲ್ಲಿನ ತಳಪಾಯ, ಭಾರ ಹೊರುವ ಗೋಡೆಗಳು, ಮುಂದಿನ ಪೋರ್ಟಿಕೋಗೆ ಮಾತ್ರ ಪಿಲ್ಲರ್. ಮುಂದೆಂದಾದರೂ ಮಹಡಿ ಏರಿಸಲು ಬೇಕಾದೀತೆಂದು ಪಿಲ್ಲರುಗಳ ಕಂಬಿಯನ್ನು ತಾರಸಿಯ ಮೇಲಕ್ಕೆ ಎರಡಡಿ ಬಿಟ್ಟಿದ್ದರು. ನಮ್ಮ ಬೀದಿಯ ಯಾವ ತಾರಸಿ ನೋಡಿದರೂ ಆಗ ಇದೇ ದೃಶ್ಯ. ಆ ಕಂಬಿಗಳಿಗೆ ಹಗ್ಗ ಕಟ್ಟಿ ಹನ್ನೊಂದು ವರ್ಷ ಬಟ್ಟೆ ಒಣಗಿಸಿದೆವು. 1999ರಲ್ಲಿ ಮೇಸ್ತ್ರಿಯೊಬ್ಬರ ಮಾತಿನ ಮೇಲೆ ಮೊದಲ ಮಹಡಿ ಎದ್ದಿತು, 2007ರಲ್ಲಿ ಅದರ ಮೇಲೊಂದು ಬಾಡಿಗೆಯ ರೂಮು. ಇವೆರಡಕ್ಕೂ ನಕ್ಷೆಯಿಲ್ಲ, ಎಂಜಿನಿಯರ್ ಇಲ್ಲ. ಕಂದಾಯವನ್ನು ಮಾತ್ರ ಎಲ್ಲ ಮಹಡಿಗೂ ಸೇರಿಸಿ ವರ್ಷವೂ ಕಟ್ಟುತ್ತಾ ಬಂದಿದ್ದೇವೆ.

ಈಗ ತಾಯಿಯವರಿಗೆ ಮಂಡಿನೋವು. ಅವರು ಮಲಗುವ ಕೋಣೆಗೆ ಹೊಂದಿಕೊಂಡಂತೆ ಬಚ್ಚಲುಮನೆ ಬೇಕೆಂದರೆ ನೆಲಮಹಡಿಯ ಒಂದು ಅಡ್ಡಗೋಡೆಯನ್ನು ತೆಗೆಯಬೇಕು. ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಮೇಲಿನ ಮಹಡಿಯ ಗೋಡೆ ಕೆಳಗಿನ ಗೋಡೆಯ ನೇರಕ್ಕೆ ಇಲ್ಲದೆ ಒಂದೂವರೆ ಅಡಿ ಸರಿದು ಬರೀ ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಮೇಲೆ ಕೂತಿರುವುದನ್ನು ತೋರಿಸಿದರು. ಅಡಿಯಲ್ಲಿ ಬೀಮ್ ಇಲ್ಲ. ಬಳಿಕ ಮಹಡಿಯ ಮುಂಭಾಗದ ಪಿಲ್ಲರಿನ ಬುಡದಲ್ಲಿ ಉದ್ದಕ್ಕೆ ಬಿಟ್ಟಿದ್ದ ಬಿರುಕನ್ನೂ ಅದರ ಅಂಚಿನ ಕಂದು ಕಲೆಯನ್ನೂ ನೋಡಿ, ಗಾರೆಯನ್ನು ಅಂಗೈಯಗಲ ಕೆತ್ತಿಸಿದರು. ಒಳಗಿದ್ದುದು ನಾವು ಬಟ್ಟೆ ಒಣಗಿಸಿದ್ದ ಅದೇ ಕಂಬಿ. ಹನ್ನೊಂದು ವರ್ಷ ಮಳೆಯಲ್ಲಿ ನೆನೆದು ತುಕ್ಕು ಹಿಡಿದಿದ್ದ ಆ ಕಂಬಿಯನ್ನು ಉಜ್ಜುವ ಗೋಜಿಗೂ ಹೋಗದೆ ಅದಕ್ಕೇ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದಿದ್ದರು. ತುಕ್ಕನ್ನು ಬ್ರಷ್ಷಿನಿಂದ ತೆಗೆದು ಕ್ಯಾಲಿಪರ್ ಇಟ್ಟಾಗ 12 ಮಿ.ಮೀ. ಇರಬೇಕಾದ ಕಂಬಿ 9ಕ್ಕೆ ಇಳಿದಿತ್ತು. ಮೂರು ಮಿ.ಮೀ. ತಾನೇ ಎಂದೆ. ದಪ್ಪ ಕಾಲುಭಾಗ ಕರಗಿದರೆ ಭಾರ ತಡೆಯುವ ಕಬ್ಬಿಣ ಹೆಚ್ಚುಕಡಿಮೆ ಶೇ 44ರಷ್ಟು ಹೋದಂತೆ ಎಂದು ಅವರು ಗೋಡೆಯ ಮೇಲೆಯೇ ಪೆನ್ಸಿಲಿನಲ್ಲಿ ಲೆಕ್ಕ ಬರೆದು ತೋರಿಸಿದರು.

ಸುಣ್ಣಬಣ್ಣ, ಗಾರೆ, ನೆಲಹಾಸುಗಳಿಗೆ ಯಾರ ಅನುಮತಿಯೂ ಬೇಡ. ಭಾರ ಹೊರುವ ಗೋಡೆ ತೆಗೆದು ಬೀಮ್ ಕೂರಿಸುವುದು ಬೇರೆಯೇ ಮಾತು. ಹಾಗಾಗಿ ಈ ಸಲವಾದರೂ ಕ್ರಮವಾಗಿ ನಡೆದುಕೊಳ್ಳೋಣವೆಂದು ಸಂಬಂಧಪಟ್ಟ ಕಚೇರಿಗೆ ಹೋದೆ. ಸ್ಥಳಕ್ಕೆ ಬಂದ ಸಿಬ್ಬಂದಿ ಎಡಬದಿಯ ಓಣಿಗೆ ಟೇಪು ಹಿಡಿದು, ಮೂರಡಿ ಇರಬೇಕಾದಲ್ಲಿ ಎರಡೂಕಾಲು ಅಡಿ ಇದೆಯೆಂದು ಬರೆದುಕೊಂಡರು. ಕೆತ್ತಿಟ್ಟಿದ್ದ ಪಿಲ್ಲರನ್ನು ತೋರಿಸಿದರೆ, ಅದು ನಿಮ್ಮ ಎಂಜಿನಿಯರಿಗೆ ಬಿಟ್ಟದ್ದು ಎಂದರು. ಮಂಜೂರಾತಿಯಿಲ್ಲದ ಮಹಡಿಗಳನ್ನು ಹೊತ್ತ ಕಟ್ಟಡಕ್ಕೆ ಮಾರ್ಪಾಡಿನ ನಕ್ಷೆ ಕೊಡಲು ಬರುವುದಿಲ್ಲ, ಪೂರ್ತಿ ಕೆಡವಿ ಹೊಸದಾಗಿ ಕಟ್ಟುವುದಾದರೆ ಅರ್ಜಿ ಹಾಕಿ, ಇಲ್ಲವಾದರೆ ಒಳಗೊಳಗೇ ಕೆಲಸ ಮುಗಿಸಿಕೊಳ್ಳಿ ಎಂಬುದು ಕಡೆಗೆ ಸಿಕ್ಕ ಸಲಹೆ. ಅವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಓಣಿಯ ಅಳತೆಗೆ ಕಾಲಂ ಇತ್ತು, ತುಕ್ಕು ಹಿಡಿದ ಕಂಬಿಗೆ ಇರಲಿಲ್ಲ.

ಕಾನೂನು ನಡೆದು ಬಂದ ದಾರಿಯೂ ಇದೇ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಸೇರಿದ ಅಕ್ರಮ-ಸಕ್ರಮ ಯೋಜನೆಯು ವಾಸದ ಕಟ್ಟಡಕ್ಕೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಒಪ್ಪಿಕೊಳ್ಳುವುದಾಗಿ ಹೇಳಿತ್ತು. ಹೈಕೋರ್ಟ್ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ನಿಯಮ ಪಾಲಿಸಿದವರಿಗೆ ಅದರ ಬಗ್ಗೆ ಇದ್ದ ಸಿಟ್ಟು ನ್ಯಾಯವಾದದ್ದೇ. ಓಣಿ ನುಂಗಿದವನಿಗೂ ಬಿಟ್ಟವನಿಗೂ ಒಂದೇ ಮರ್ಯಾದೆ ಸಲ್ಲದು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರ (ಕಟ್ಟಿ ಮುಗಿದ ಮೇಲೆ ಪರಿಶೀಲಿಸಿ ವಾಸಕ್ಕೆ ಕೊಡುವ ಒಪ್ಪಿಗೆ) ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಆ ಪತ್ರವನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಹೊಸ ಮೀಟರಿಗಾಗಿ ಜನ ಪರದಾಡತೊಡಗಿದ ಮೇಲೆ ರಾಜ್ಯ ಸರ್ಕಾರ 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಮೀಟರ್ ಸಿಕ್ಕವರ ನೆಮ್ಮದಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಡ ಹೇಗಿದೆಯೆಂದು ಯಾರಾದರೂ ಬಂದು ನೋಡಬಹುದಾಗಿದ್ದ ಒಂದೇ ಒಂದು ಸಂದರ್ಭವೂ ಇಂಥ ಮನೆಗಳ ಪಾಲಿಗೆ ಇದರಿಂದ ಇಲ್ಲವಾಯಿತು.

ನನ್ನ ಸೋದರಳಿಯ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಎಲ್ಲಿ, ಎಷ್ಟೆತ್ತರ ಕಟ್ಟಬಹುದೆಂಬ ಅನುಮತಿ ಬೇರೆ. ಕಟ್ಟಿದ್ದು ಸುರಕ್ಷಿತವೇ ಎಂದು ನೋಡುವ ಕಟ್ಟಡ ನಿಯಮಾವಳಿಯ ಒಪ್ಪಿಗೆ ಬೇರೆ. ಅವನು ಕೊಂಡ ಹಳೆಯ ಮನೆಯಲ್ಲಿ ಹಿಂದಿನವರು ಅಡುಗೆಮನೆಯ ಗೋಡೆಯನ್ನು ಯಾರಿಗೂ ತಿಳಿಸದೆ ಒಡೆದು ಉಕ್ಕಿನ ಬೀಮ್ ಕೂರಿಸಿದ್ದರು. 1985ರ ನವೆಂಬರ್ 11ರಿಂದೀಚೆಗೆ ಒಪ್ಪಿಗೆಯಿಲ್ಲದೆ ನಡೆದ ಇಂಥ ಕೆಲಸಕ್ಕೆ ಅಲ್ಲಿನ ಸ್ಥಳೀಯ ಸಂಸ್ಥೆಯಿಂದ ಸಕ್ರಮ ಪ್ರಮಾಣಪತ್ರ ಕೇಳಬಹುದು. ಅರ್ಜಿ ಹಾಕಿದ ಮೇಲೆ ಬಂದ ಅಧಿಕಾರಿ ಮನೆಯ ಓಣಿಗೆ ಟೇಪು ಹಿಡಿಯಲೇ ಇಲ್ಲವಂತೆ; ಚಾವಣಿಯ ಹಲಗೆಯನ್ನು ಬಿಚ್ಚಿಸಿ, ಬೀಮಿನ ಎರಡು ತುದಿಗಳು ಗೋಡೆಯ ಮೇಲೆ ಎಷ್ಟು ಅಂಗುಲ ಕೂತಿವೆ ಎಂದು ನೋಡಿ, ಒಂದು ಕಡೆ ಬಲಪಡಿಸಲು ಹೇಳಿ, ಅದಾದ ಮೇಲೆಯೇ ಪತ್ರ ಕೊಟ್ಟರಂತೆ. ಅಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟಿರುವುದು ಮಾತ್ರ ನಮಗೂ ಬೇಕಾದದ್ದು.

ಸೆಟ್‌ಬ್ಯಾಕ್ ವಿಷಯ ನ್ಯಾಯಾಲಯದಲ್ಲಿ ಇತ್ಯರ್ಥವಾಗುವವರೆಗೆ ಕಂಬಿಯ ತುಕ್ಕು ಕಾಯುತ್ತಾ ನಿಲ್ಲುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದ ಹಳೆಯ ಮೂರು ಮಹಡಿಯ ಕಟ್ಟಡ ಹಾಡಹಗಲೇ ಕುಸಿದಾಗ ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರಿಂದ ಜೀವ ಉಳಿಯಿತು. ಅದಾದ ಮೇಲೆ ಶಿಥಿಲ ಕಟ್ಟಡಗಳ ಸಮೀಕ್ಷೆಯೂ ನಡೆಯಿತು. ಆದರೆ ಹೊಸದಾಗಿ ಬಣ್ಣ ಬಳಿದುಕೊಂಡ ನಮ್ಮಂಥ ಮನೆಗಳು ರಸ್ತೆಯಲ್ಲಿ ನಿಂತು ನೋಡುವವರ ಕಣ್ಣಿಗೆ ಶಿಥಿಲವಾಗಿ ಕಾಣುವುದಿಲ್ಲ.

ಆದ್ದರಿಂದ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಹಳೆಯ, ಮಂಜೂರಾತಿಯಿಲ್ಲದ ಭಾಗಗಳಿರುವ ಮನೆಯ ಮಾಲೀಕ ತಾನಾಗಿಯೇ ಮುಂದೆ ಬಂದರೆ, ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರಿಂದ ಪಿಲ್ಲರ್, ಬೀಮ್, ಮೋಲ್ಡುಗಳನ್ನು ಅಲ್ಲಲ್ಲಿ ಕೆತ್ತಿ ನೋಡಿ, ಕಾಂಕ್ರೀಟಿನ ಬಲವನ್ನು ಪರೀಕ್ಷಿಸಿ, ಇರುವುದನ್ನು ಇದ್ದಂತೆ ನಕ್ಷೆಗೆ ಇಳಿಸಿ, ಬಲಪಡಿಸುವ ಕೆಲಸಕ್ಕೆ ಮಾತ್ರ ಅನ್ವಯವಾಗುವ ಸೀಮಿತ ಅನುಮತಿಯನ್ನು ಕೊಡುವ ದಾರಿ ತೆರೆಯಬೇಕು. ಅದು ಸೆಟ್‌ಬ್ಯಾಕ್ ಉಲ್ಲಂಘನೆಗೆ ಮಾಫಿಯಲ್ಲ ಎಂದು ಅದರಲ್ಲೇ ಬರೆಯಲಿ. ಆದರೆ ಹೀಗೆ ಒಪ್ಪಿಸಿದ ಮಾಹಿತಿಯನ್ನೇ ಮುಂದಿಟ್ಟುಕೊಂಡು ತೆರವಿನ ನೋಟಿಸ್ ಕೊಡುವುದಿಲ್ಲ ಎಂಬ ಭರವಸೆಯೂ ಬೇಕು, ಇಲ್ಲವಾದರೆ ಬಾಗಿಲು ತೆರೆದಿಟ್ಟರೂ ಒಬ್ಬನೂ ಒಳಗೆ ಬರುವುದಿಲ್ಲ. ಮನೆಯನ್ನೇ ನೋಡದೆ ಸಹಿ ಹಾಕಿಕೊಡುವ ಎಂಜಿನಿಯರುಗಳೂ ನಮ್ಮಲ್ಲಿ ಇದ್ದಾರೆ. ಕೆತ್ತಿದ ಜಾಗದ ಫೋಟೊ ಮತ್ತು ಅಳತೆ ಇಲ್ಲದ ಪ್ರಮಾಣಪತ್ರವನ್ನು ಕಚೇರಿ ಸ್ವೀಕರಿಸಲೇಬಾರದು. ಆ ವರದಿ ಖಾತೆಯ ದಾಖಲೆಯ ಜೊತೆಗೇ ಇದ್ದರೆ ನಾಳೆ ಮನೆ ಕೊಳ್ಳುವವರಿಗೂ ಬಾಡಿಗೆಗೆ ಬರುವವರಿಗೂ ತಾವು ಯಾವ ಮೋಲ್ಡಿನ ಕೆಳಗೆ ಮಲಗುತ್ತಿದ್ದೇವೆಂದು ತಿಳಿಯುತ್ತದೆ.

ಸದ್ಯಕ್ಕೆ ಎಂಜಿನಿಯರರ ಮಾತಿನಂತೆ ಮೇಲಿನ ರೂಮಿನ ಬಾಡಿಗೆದಾರರನ್ನು ಖಾಲಿ ಮಾಡಿಸಿ, ತಾರಸಿಯ ನೀರಿನ ಟ್ಯಾಂಕನ್ನು ಕೆಳಗಿಳಿಸಿ, ಪೋರ್ಟಿಕೋದಿಂದ ಮಹಡಿಯವರೆಗೆ ನಾಲ್ಕು ಕಬ್ಬಿಣದ ಜಾಕಿ ಕೊಟ್ಟು ನಿಲ್ಲಿಸಿದ್ದೇವೆ. ಅಡ್ಡಗೋಡೆಯನ್ನು ಮುಟ್ಟಿಲ್ಲ. ಪಿಲ್ಲರಿಗೆ ಹೊರಕವಚ ಕಟ್ಟುವ ಕೆಲಸದ ನಕ್ಷೆ ಸಿದ್ಧವಿದೆ. ಅದನ್ನು ಯಾವ ಕಚೇರಿಯ ಯಾವ ಮೇಜಿನ ಮೇಲಿಡಬೇಕೆಂದು ಯಾರಾದರೂ ಅಧಿಕಾರಿಗಳು ಈ ಅಂಕಣದ ಮೂಲಕವಾದರೂ ತಿಳಿಸಿದರೆ ನಾಳೆಯೇ ತಲುಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಮನೆಯೊಂದರ ಮಾಲೀಕ, ಬೆಂಗಳೂರು