ತೊಟ್ಟಿಲ ಕೌದಿಗೆ ಐದು ಪದರ ಸಾಕು

ಮಾನ್ಯರೇ,

ಕೂಸಿಗೆ ಹೆಸರಿಡುವ ದಿನ ತವರಿನಿಂದ ತೊಟ್ಟಿಲು-ಬಟ್ಟಲು ಬರುವಾಗ ಜೊತೆಗೆ ಕೌದಿ (ಹಳೆಯ ಬಟ್ಟೆಯ ಪದರ ಸೇರಿಸಿ ಹೊಲಿದ ಹಾಸು), ಕುಂಚಿಗಿ (ತಲೆಯಿಂದ ಬೆನ್ನಿಗೆ ಇಳಿಯುವ ಕೂಸಿನ ಮುಸುಕು), ಕುಲಾಯಿಯೂ (ಕೂಸಿನ ಟೊಪ್ಪಿಗೆ) ಬರುವುದು ಉತ್ತರ ಕರ್ನಾಟಕದ ಅನೇಕ ಮನೆಗಳ ಪದ್ಧತಿ. ಈಗ ಆ ಜಾಗದಲ್ಲಿ ಜಿಪ್ ಹಾಕಿದ ಪ್ಲಾಸ್ಟಿಕ್ ಚೀಲದ ರೆಡಿಮೇಡ್ ಸೆಟ್ ಕೂತಿದೆ. ಹೊಳೆಯುವ ಪಾಲಿಯೆಸ್ಟರ್ ಹಾಸಿಗೆ, ಸುತ್ತಲೂ ಉಬ್ಬಿದ ದಿಂಬು, ಅಂಟಿಸಿದ ಮುತ್ತು, ಕೊರಳಿಗೆ ಕಟ್ಟುವ ಉದ್ದನೆಯ ಲಾಡಿ. ಫೋಟೊಕ್ಕೆ ಚೆಂದ. ಆದರೆ ಕೂಸು ಉಚ್ಚೆ ಹೊಯ್ದರೆ ಆ ಬಟ್ಟೆ ಹೀರುವುದಿಲ್ಲ, ತೇವ ಬೆನ್ನ ಕೆಳಗೇ ನಿಲ್ಲುತ್ತದೆ, ಬೇಸಿಗೆಯಲ್ಲಿ ಬೆವರೂ ಅಲ್ಲೇ ಉಳಿದು ಬೊಕ್ಕೆ ಏಳುತ್ತವೆ. ಹತ್ತಿ ಬಟ್ಟೆಯ ಕೌದಿಗೆ ಈ ದೋಷ ಇಲ್ಲ, ಅದಕ್ಕೆ ಬೇಕಾದ ಬಟ್ಟೆ ಪ್ರತಿ ಮನೆಯ ಟ್ರಂಕಿನಲ್ಲೂ ಇದೆ. ಹೊಲಿಯುವ ಮನಸ್ಸಿರುವವರೂ ಬಹಳ ಮಂದಿ ಇದ್ದಾರೆ. ಸಿಗದಿರುವುದು ಅಳತೆ. ಹಾಗಾಗಿ ಅಳತೆ ಸಮೇತ ಬರೆಯುತ್ತಿದ್ದೇನೆ. ಪತ್ರಿಕೆಗೆ ಒಂದು ಕೋರಿಕೆಯೂ ಇದೆ, ಅದು ಕೊನೆಗೆ.

ಮೊದಲು ಬಟ್ಟೆಯ ಆಯ್ಕೆ. ಹಳೆಯ ಹತ್ತಿ ಸೀರೆ, ಧೋತರ ಎರಡೂ ಆಗುತ್ತವೆ. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕಪ್ಪು ಗಟ್ಟಿ ಮಣಿಯಾಗುತ್ತದೆ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನಿರಿಗೆ ಬರುವ ಕಡೆ, ಫಾಲ್ ಹಚ್ಚಿದ ಕಡೆ ಸೀರೆ ಮೊದಲು ಸವೆದು ಜೂಲಾಗುತ್ತದೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆದಾಗ ಸೀಳುವ ಭಾಗ ಒಳಪದರಕ್ಕೂ ಬೇಡ. ಆರೆಂಟು ಸಲ ಒಗೆಯುವಷ್ಟರಲ್ಲಿ ಅದು ಒಳಗೇ ಹರಿದು ಗಂಟಾಗುತ್ತದೆ, ಹೊರಗಿನಿಂದ ಅದನ್ನು ಸರಿಪಡಿಸಲು ಆಗುವುದಿಲ್ಲ.

ಇಳಕಲ್ ಸೀರೆ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಒಡಲು ಮತ್ತು ಸೆರಗಿನ ಹಾಸು ಬೇರೆ ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿಯ ಸಾಲಿನಲ್ಲೇ ಕತ್ತರಿ ಆಡಿಸಿದರೆ ಎಳೆಗಳು ಕಳಚಿಕೊಳ್ಳುತ್ತವೆ. ಒಡಲಿನ ಕಡೆ ಎರಡು ಬೆರಳು ಬಿಟ್ಟು ಕತ್ತರಿಸಿ, ಸೆರಗನ್ನು ಬೇರೆ ಇಡಿ. ಸೆರಗಿನದು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್ ನೂಲು, ಒಗೆದಾಗ ಒಡಲಿನ ಹತ್ತಿ ಒಂದು ತರಹ ಕುಗ್ಗಿದರೆ ಅದು ಇನ್ನೊಂದು ತರಹ. ಜರಿ ಇದ್ದ ದಡಿಯನ್ನಂತೂ ಪೂರ್ತಿ ತೆಗೆಯಬೇಕು, ಎಳೆ ಮುರಿದರೆ ಕೂಸಿನ ಕೆನ್ನೆಗೆ ಗೀರುತ್ತದೆ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆದು ಗಂಜಿ ಬಿಡಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಮುಟ್ಟಬೇಕು. ಹೊಸ ಹತ್ತಿ ಬಟ್ಟೆಯನ್ನು ಮೇಲ್ಪದರಕ್ಕೆ ಹಾಕುವ ಆಸೆ ಇದ್ದರೆ ಈ ಹೆಜ್ಜೆಯನ್ನು ತಪ್ಪಿಸಲೇಬಾರದು. ಹಳೆಯ ಬಟ್ಟೆ ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ, ಹೊಸದು ಇನ್ನೂ ಕುಗ್ಗಬೇಕಿರುತ್ತದೆ. ಒಗೆಯದೆ ಹೊಲಿದರೆ ಮೊದಲ ಒಗೆತದಲ್ಲೇ ಮೇಲ್ಪದರ ಎಳೆದುಕೊಂಡು ಇಡೀ ಕೌದಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೆಂಪು, ಕಡುನೀಲಿ ಬಟ್ಟೆಯ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಕೂಸಿನ ಕೌದಿಗೆ ಬಳಸಬೇಡಿ.

ತೊಟ್ಟಿಲ ಕೌದಿಗೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಹದವಾದ ಅಳತೆ. ತೊಟ್ಟಿಲು ಚಿಕ್ಕದಿದ್ದರೆ ಅದರ ತಳ ಅಳೆದು ಕಡಿಮೆ ಮಾಡಿಕೊಳ್ಳಿ, ಅಂಚು ಮೇಲಕ್ಕೆ ಮಡಚಿಕೊಳ್ಳುವಷ್ಟು ದೊಡ್ಡದು ಬೇಡ. ಪದರ ಐದು: ತಳದ್ದು ಒಂದು, ಒಳಗೆ ಮೂರು, ಮೇಲೊಂದು. ದೊಡ್ಡವರ ಕೌದಿಯಂತೆ ಎಂಟು-ಹತ್ತು ಪದರ ಹಾಕಿದರೆ ಸೂಜಿ ಇಳಿಯುವುದಿಲ್ಲ, ಬೇಗ ಒಣಗುವುದೂ ಇಲ್ಲ. ನಿತ್ಯ ಒಗೆಯುವ ಬಟ್ಟೆಗೆ ಎಲ್ಲಕ್ಕಿಂತ ಮುಖ್ಯ ಒಣಗುವುದು. ದಪ್ಪದ ಒಂದರ ಬದಲು ತೆಳುವಾದ ಎರಡು ಹೊಲಿಯುವುದು ಜಾಣತನ. ಮಲೆನಾಡಿನ ಮಳೆಗಾಲಕ್ಕೆ ನಾಲ್ಕೇ ಪದರ ಇರಲಿ.

ಲೆಕ್ಕ ಹೀಗೆ. ತಳದ ಪದರ 95×65 ಸೆಂ.ಮೀ., ಉಳಿದ ನಾಲ್ಕೂ 90×60. ಸೀರೆಯ ಅಗಲ ಸುಮಾರು 115 ಸೆಂ.ಮೀ. ಇರುತ್ತದೆ. 95 ಅಥವಾ 90ರ ಬದಿಯನ್ನು ಆ ಅಗಲಕ್ಕೆ ಇಟ್ಟು ಕತ್ತರಿಸಿದರೆ ಎರಡೂ ದಡಿ ತಾವಾಗಿಯೇ ಹೊರಗುಳಿಯುತ್ತವೆ. ಐದು ಪದರಕ್ಕೆ ಬೇಕಾಗುವುದು 3 ಮೀಟರಿಗಿಂತ ಸ್ವಲ್ಪ ಹೆಚ್ಚು. ಐದೂವರೆ ಮೀಟರಿನ ಒಂದು ಸೀರೆಯಲ್ಲಿ ಜೂಲಾದ ಭಾಗ ತೆಗೆದರೂ ಒಂದು ಕೌದಿ ಸಿಗುತ್ತದೆ. ಮೇಲ್ಪದರಕ್ಕೆ ಅಜ್ಜಿಯ ಸೀರೆ, ಅತ್ತೆಯ ಸೀರೆ, ಅಪ್ಪನ ಅಂಗಿ ಎಂದು ತುಂಡುಗಳನ್ನು ಸೇರಿಸುವವರು ಪ್ರತಿ ತುಂಡಿನ ಅಂಚನ್ನೂ 1 ಸೆಂ.ಮೀ. ಒಳಕ್ಕೆ ಮಡಚಿ ಇಸ್ತ್ರಿ ಹಾಕಿಕೊಳ್ಳಬೇಕು. ಅಂಗಿಯ ಗುಂಡಿಪಟ್ಟಿ, ಕಾಲರು ಬೇಡ, ಅಲ್ಲಿ ಒಳಗೆ ಗಟ್ಟಿ ಬಕ್ರಂ ಇರುತ್ತದೆ.

ಹಾಸುವ ಕೆಲಸ ನೆಲದ ಮೇಲೇ ಆಗಲಿ, ಮಂಚದ ಮೇಲೆ ಬಟ್ಟೆ ತಗ್ಗಿಗೆ ಜಾರುತ್ತದೆ. ತಳದ ಪದರವನ್ನು ಉಲ್ಟಾ ಹಾಸಿ ನಾಲ್ಕು ಮೂಲೆಗೆ ಭಾರ ಇಡಿ. ಒಳಪದರಗಳನ್ನು ನಡುಮಧ್ಯದಿಂದ ಅಂಚಿಗೆ ಅಂಗೈಯಿಂದ ಸವರುತ್ತಾ ಒಂದರ ಮೇಲೊಂದು ಹಾಸಿ. ಕೊನೆಗೆ ಮೇಲ್ಪದರ. ಈಗ ಕಚ್ಚಾ ಟಾಕೆ, ಅಂದರೆ ಪದರ ಜಾರದಂತೆ ಹಿಡಿದು ಕೊನೆಗೆ ಬಿಚ್ಚಿಬಿಡುವ ಉದ್ದ ಹೊಲಿಗೆ, ಹಾಕಬೇಕು. ನಡುವಿನಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು, ಆಮೇಲೆ ಗೇಣಿಗೊಂದು ಸಾಲು, ಪ್ರತಿಯೊಂದೂ ನಡುವಿನಿಂದ ಹೊರಕ್ಕೆ. ಕಚ್ಚಾ ಟಾಕೆಗೆ ಎದ್ದು ಕಾಣುವ ಬೇರೆ ಬಣ್ಣದ ದಾರ ಇದ್ದರೆ ಬಿಚ್ಚುವಾಗ ಒಂದೂ ತಪ್ಪುವುದಿಲ್ಲ.

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತಾ ಒಳಕ್ಕೆ ಹೋಗುತ್ತದೆ. ಪ್ರತಿ ಸುತ್ತೂ ಕೂದಲೆಳೆಯಷ್ಟು ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ. ಟಾಕೆ ಇಲ್ಲದಿದ್ದರೆ ಇಪ್ಪತ್ತು ಸುತ್ತಿನ ಸಡಿಲು ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಆಗ ಬಿಚ್ಚುವುದೊಂದೇ ದಾರಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅವರ ಮಾತಿನಲ್ಲಿ ಕವಂದಿ, ಕೂಡ ಮೂಲೆಯಿಂದ ಶುರುವಾಗಿ ಒಳಕ್ಕೇ ಸುತ್ತುತ್ತದೆ. ಆದರೆ ಅವರು ಮೇಲಿನ ತುಂಡುಗಳನ್ನು ಮೊದಲೇ ಹಾಸಿಡುವುದಿಲ್ಲ, ಹೊಲಿಗೆ ಮುಂದುವರಿದಂತೆ ಒಂದೊಂದನ್ನೇ ಇಟ್ಟು ಸೇರಿಸುತ್ತಾ ಹೋಗುತ್ತಾರೆ. ಬಂದ ಸಡಿಲನ್ನು ಮುಂದಿನ ತುಂಡು ನುಂಗಿಕೊಳ್ಳುತ್ತದೆ. ಮೇಲ್ಪದರವನ್ನು ಇಡಿಯಾಗಿ ಹಾಸುವ ನಮ್ಮ ರೀತಿಗೆ ಕಚ್ಚಾ ಟಾಕೆ ಬಿಟ್ಟು ಗತಿಯಿಲ್ಲ.

ಅಂಚಿಗೆ ಬೇರೆ ಪಟ್ಟಿ ಬೇಡ. ಹೊರಗೆ ಉಳಿದ ಎರಡೂವರೆ ಸೆಂ.ಮೀ. ತಳದ ಬಟ್ಟೆಯಲ್ಲಿ ಮೊದಲು 1 ಸೆಂ.ಮೀ. ಮಡಚಿ, ಉಳಿದ ಒಂದೂವರೆಯನ್ನು ಮೇಲ್ಪದರದ ಮೇಲಕ್ಕೆ ತಿರುಗಿಸಿ. ಮೂಲೆಗಳಲ್ಲಿ ತಳದ ಬಟ್ಟೆಯ ತುದಿಯನ್ನು ತ್ರಿಕೋನವಾಗಿ ಕತ್ತರಿಸಿ ತೆಗೆಯದಿದ್ದರೆ ಮಡಿಕೆಯ ಮೇಲೆ ಮಡಿಕೆ ಕೂತು ಸೂಜಿ ಮುರಿಯುತ್ತದೆ. ಮೊದಲ ಸುತ್ತು ಮಡಿಕೆಯ ಒಳಅಂಚಿಗೆ ಒತ್ತಿಕೊಂಡೇ ಹೋಗಬೇಕು. ದೂರ ಹೋದರೆ ಅಂಚು ಬಾಯಿಬಿಟ್ಟು ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ.

ಸಾಲಿನಿಂದ ಸಾಲಿಗೆ ಒಂದೂವರೆ ಸೆಂ.ಮೀ. ಅಂತರ, ಒಂದೊಂದು ಹೊಲಿಗೆ 6ರಿಂದ 8 ಮಿ.ಮೀ. ಹೀಗೆ ಹೊಲಿದರೆ ಒಟ್ಟು 36 ಮೀಟರು ಹೊಲಿಗೆ ಆಗುತ್ತದೆ. ಎರಡೆಳೆಯಾಗಿ ಹಾಕಲು ಸುಮಾರು 100 ಮೀಟರು ದಾರ ಬೇಕು. ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆ ಗಟ್ಟಿತನವೇ ಹಳೆಯ ಮೆತ್ತನೆ ಬಟ್ಟೆಯನ್ನು ಗರಗಸದಂತೆ ಕೊಯ್ಯಬಹುದು. ಹರಿದರೆ ದಾರ ಹರಿಯಲಿ, ಮತ್ತೆ ಹೊಲಿಯಬಹುದು. ದಾರಕ್ಕೆ ಜೇನುಮೇಣ ಸವರಿ, ಒಂದು ಸಲಕ್ಕೆ ಮೊಳದುದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ಸಿಕ್ಕಾಗುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಗಂಟು ಬೇಡ. ಅದೇ ಜಾಗದಲ್ಲಿ ಎರಡು ಸಲ ಹಿಂದಕ್ಕೆ ಹೊಲಿದು ತುದಿಯನ್ನು ಪದರದೊಳಗೆ ತೂರಿಸಿ. ದಾರವನ್ನು ಬಿಗಿಯಾಗಿ ಜಗ್ಗಬೇಡಿ, 90 ಇದ್ದದ್ದು 84 ಆಗಿಬಿಡುತ್ತದೆ.

ಸಡಿಲ ಎಳೆಯ ಬಗ್ಗೆ ಇನ್ನೊಂದು ಮಾತು, ಇದು ಅಂದದ ವಿಷಯವಲ್ಲ. ಹೊರಗೆ ಜೋತ ದಾರವೋ ಕೂದಲೋ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ಬಿಗಿಯುತ್ತಾ ಹೋಗಿ ರಕ್ತ ಓಡಾಟವನ್ನೇ ನಿಲ್ಲಿಸಬಲ್ಲದು. ಕೂಸು ಕಾರಣ ತಿಳಿಯದೆ ಅಳುತ್ತಲೇ ಇದ್ದರೆ ಬೆರಳುಗಳನ್ನು ಬಿಡಿಸಿ ನೋಡಿ. ಕೌದಿಯ ಕೆಳಮೈ, ಕುಲಾಯಿಯ ಒಳಮೈ ಎರಡರಲ್ಲೂ ಒಂದು ಎಳೆಯೂ ಹೊರಗೆ ಕಾಣಬಾರದು. ಕಸೂತಿ ಹಾಕುವ ಆಸೆ ಇದ್ದವರು ಎರಡೂ ಬದಿ ಒಂದೇ ತರಹ ಕಾಣುವ ಗಾವಂತಿ ಹೊಲಿಗೆ ಹಾಕಿ. ನೇಯ್ಗೆ ಎಂಬ ಇನ್ನೊಂದು ಕಸೂತಿ ಹೊಲಿಗೆಯಲ್ಲಿ ಉದ್ದ ಎಳೆಗಳು ತೇಲುತ್ತವೆ, ಅದು ಸೀರೆಗೆ ಸರಿ, ಕೂಸಿಗಲ್ಲ. ಕೆಲಸ ಶುರು ಮಾಡುವಾಗ ಸೂಜಿ, ಗುಂಡುಪಿನ್ನು ಎಣಿಸಿ ಬರೆದಿಡಿ, ಮುಗಿದಾಗ ಮತ್ತೆ ಎಣಿಸಿ. ಒಂದು ಕಡಿಮೆ ಇದ್ದರೂ ಅದು ಸಿಗುವ ತನಕ ಕೌದಿ ತೊಟ್ಟಿಲಿಗೆ ಹೋಗಬಾರದು. ಮೇಲೆ ಅಯಸ್ಕಾಂತ ಆಡಿಸಿದರೆ ಬೇಗ ಸಿಗುತ್ತದೆ.

ಕೈ ಕುದುರಿದವರು ಗಂಟೆಗೆ ಎರಡೂವರೆ ಮೀಟರು ಹೊಲಿದಾರು. ಅಂದರೆ ಒಂದು ಕೌದಿಗೆ ಹದಿನಾಲ್ಕು-ಹದಿನೈದು ಗಂಟೆ. ಹುಟ್ಟುವ ಮುಂಚೆ ಕೂಸಿಗೆಂದು ಏನೂ ಹೊಲಿಯಬಾರದು ಎನ್ನುವ ಮನೆಗಳಲ್ಲಿ ಇಬ್ಬರು ಎದುರುಬದುರು ಕೂತು ದಿನಕ್ಕೆ ಮೂರು ಗಂಟೆ ಹೊಲಿದರೆ ಮೂರು ದಿನದ ಕೆಲಸ, ಹೆಸರಿಡುವ ದಿನಕ್ಕೆ ಧಾರಾಳವಾಗಿ ಮುಗಿಯುತ್ತದೆ.

ಈ ಕೌದಿ ಹಾಸಲು, ಹೊದಿಸಲು ಅಲ್ಲ. ವರ್ಷ ತುಂಬದ ಕೂಸು ಮಲಗಿದಾಗ ಮುಖದ ಹತ್ತಿರ ಸಡಿಲ ಹೊದಿಕೆ, ದಿಂಬು ಇರಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ರೆಡಿಮೇಡ್ ಸೆಟ್ಟಿನ ಸುತ್ತುದಿಂಬಿನ ತಕರಾರೂ ಅದೇ.

ಇನ್ನು ಕುಂಚಿಗಿ. ಗುಳೇದಗುಡ್ಡದ ಖಣದ್ದೇ, ಅಂದರೆ ಅಲ್ಲಿಯ ರವಿಕೆ ಬಟ್ಟೆಯದ್ದೇ ಹೊಲಿಯಿರಿ, ಆದರೆ ಒಳಗೆ ಮೆತ್ತನೆ ತೆಳು ಹತ್ತಿಯ ಮಲ್ ಬಟ್ಟೆಯ ಅಸ್ತರು ಕಡ್ಡಾಯ. ಖಣದ ಕತ್ತರಿಸಿದ ಅಂಚು ಬಹಳ ಬೇಗ ಎಳೆ ಬಿಡುತ್ತದೆ. ತಲೆಯ ಭಾಗಕ್ಕೆ 38×18 ಸೆಂ.ಮೀ. ತುಂಡು ಖಣದ್ದೊಂದು, ಮಲ್‌ನದೊಂದು. ಸುತ್ತ 1 ಸೆಂ.ಮೀ. ಹೊಲಿಗೆಗೆ ಹೋಗಿ 36×16 ಉಳಿಯುತ್ತದೆ. 38ನ್ನು ನಡುವೆ ಮಡಚಿ ಒಂದು ಉದ್ದ ಬದಿಯನ್ನು ಹೊಲಿದರೆ ಅದು ತಲೆಯ ಹಿಂಭಾಗ, ತೆರೆದ ಉದ್ದ ಬದಿ ಮುಖ, ಎರಡು ಗಿಡ್ಡ ಬದಿಗಳು ಸೇರಿ 32 ಸೆಂ.ಮೀ. ಕೊರಳು. ಬೆನ್ನಿನ ಭಾಗಕ್ಕೆ 66×47 ತುಂಡು. ಮೇಲಿನ 66ರ ಬದಿಗೆ ಎರಡು ಸಾಲು ಸಡಿಲ ಹೊಲಿಗೆ ಹಾಕಿ ದಾರ ಎಳೆದು 32ಕ್ಕೆ ನಿರಿಗೆ ಹಿಡಿಸಿ ಕೊರಳಿಗೆ ಕೂಡಿಸಿ. ಒಂದೇ ಸಾಲು ಹಾಕಿದರೆ ನಿರಿಗೆ ಒಂದೆಡೆ ಗುಂಪಾಗುತ್ತದೆ. ಮೂರು ತಿಂಗಳ ಕೂಸಿಗಾದರೆ ತಲೆಯ ಭಾಗಕ್ಕೆ ಎರಡೂ ಕಡೆ 2 ಸೆಂ.ಮೀ. ಹೆಚ್ಚಿಸಿ, ಕೊರಳೂ 36 ಆಗುತ್ತದೆ.

ಕೊರಳಿಗೆ ಲಾಡಿ ಬೇಡವೇ ಬೇಡ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲೇ ಮಕ್ಕಳ ಮೇಲಂಗಿಯ ಟೊಪ್ಪಿಗೆ, ಕೊರಳುಗಳ ಲಾಡಿ ಬೇಡವೆಂದು ಸೂಚಿಸಿತ್ತು. ಅದರ ಬದಲು ಗದ್ದದ ಕೆಳಗೆ ಬರುವಂತೆ 3 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಬಟ್ಟೆಪಟ್ಟಿ, ಅದಕ್ಕೊಂದು ಟಿಚ್ ಬಟನ್. ಎಳೆದರೆ ಟಿಚ್ ಬಿಚ್ಚಿಕೊಳ್ಳುತ್ತದೆ, ಗಂಟು ಬಿಗಿಯುತ್ತದೆ. ಟಿಚ್‌ನ ಪ್ರತಿ ತೂತಿಗೂ ಎರಡೆಳೆ ದಾರದಲ್ಲಿ ಐದು ಸುತ್ತು ಹೊಲಿದು, ಉಗುರಿನಿಂದ ಮೀಟಿ ನೋಡಿ. ತುದಿಯ ಉಣ್ಣೆ ಗೊಂಡೆಯ ಬದಲು ಅದೇ ಖಣದ ಮೊಗ್ಗು ಮಾಡಿ ಹಚ್ಚಿ. ಕುಂಚಿಗಿ ಮಡಿಲಲ್ಲಿ ಇರುವಷ್ಟು ಹೊತ್ತಿಗೆ ಮಾತ್ರ. ಶಾಸ್ತ್ರ ಮುಗಿದು ಕೂಸನ್ನು ಮಲಗಿಸುವಾಗ ತೆಗೆದುಬಿಡಬೇಕು.

ಈಗ ಕೋರಿಕೆ. ನಿಮ್ಮ ಪುರವಣಿಯಲ್ಲಿ ಕರಕುಶಲದ ಬಣ್ಣದ ಫೋಟೊ ಬರುತ್ತವೆ, ಅವುಗಳಿಂದ ಹೊಲಿಯಲು ಬರುವುದಿಲ್ಲ. ದರ್ಜಿಗಳು ಮೊದಲಿನಿಂದಲೂ ಅಳತೆ ಕತ್ತರಿಸಿಕೊಳ್ಳುವುದು ಹಳೆಯ ಪತ್ರಿಕೆಯ ಮೇಲೆಯೇ. ಕುಂಚಿಗಿಯ ತಲೆಯ ಭಾಗವನ್ನು ಮಡಚಿದ ಅಳತೆಯಲ್ಲಿ, ಅಂದರೆ 19×18 ಸೆಂ.ಮೀ., ನಿಮ್ಮ ಅರ್ಧ ಪುಟದಲ್ಲಿ ನಿಜ ಗಾತ್ರಕ್ಕೆ ಅಚ್ಚು ಹಾಕಬಹುದು. ಕುಲಾಯಿ, ಕೂಸಿನ ಜಬಲಾ, ಕೌದಿಯ ಮೂಲೆಮಡಿಕೆ ಹೀಗೆ ವಾರಕ್ಕೊಂದು ಬಂದರೆ ಓದುಗರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಹೊಲಿಗೆಯ ಗೆರೆ, ಕತ್ತರಿಯ ಗೆರೆ ಬೇರೆ ಬೇರೆ ಇರಲಿ, ಬಟ್ಟೆಯ ಉದ್ದೆಳೆ ಯಾವ ಕಡೆ ಎಂದು ಬಾಣದ ಗುರುತಿರಲಿ. ಅಚ್ಚಿನ ಮಸಿ ಬಿಳಿ ಮಲ್‌ಗೆ ಹತ್ತುವುದರಿಂದ, ನೇರವಾಗಿ ಬಟ್ಟೆಯ ಮೇಲಿಡದೆ ಹಳೆಯ ರಟ್ಟಿಗೆ ಅಂಟಿಸಿ ಕತ್ತರಿಸಿಕೊಳ್ಳಿ ಎಂದೂ ಒಂದು ಸಾಲು ಹಾಕಿ. ಪುಟದ ಮೂಲೆಯಲ್ಲಿ 10 ಸೆಂ.ಮೀ. ಉದ್ದದ ಒಂದು ಗೆರೆ ಕೊಡಿ, ಮುದ್ರಣದಲ್ಲಿ ಅಳತೆ ಕುಗ್ಗಿದ್ದರೆ ಟೇಪು ಇಟ್ಟ ತಕ್ಷಣ ಗೊತ್ತಾಗುತ್ತದೆ.

ಇಂತಿ,
ಹೊಲಿಗೆ ಬಲ್ಲ ಓದುಗರೊಬ್ಬರು
ಬಾಗಲಕೋಟೆ