ಭಾನುವಾರದ ಓದು: ಸರ್ಕಾರ ಸಾಕಿದ ಸೂಪರ್‌ಹೀರೋಗಳು

ಗೆಳೆಯರೇ, ಈ ಭಾನುವಾರ ಸಂಜೆ 4ಕ್ಕೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಸೇರೋಣ. ಮಳೆ ಹಿಡಿದರೆ ನಮ್ಮ ಮನೆಗೆ ಬನ್ನಿ.

ಮಾರ್ವೆಲ್ ಕಾಮಿಕ್ಸ್‌ನಲ್ಲಿ ಕೆನಡಾ ಸರ್ಕಾರದ ಸೂಪರ್‌ಹೀರೋ ತಂಡವಾಗಿ 1979ರಲ್ಲಿ ಕಾಣಿಸಿಕೊಂಡ ಆಲ್ಫಾ ಫ್ಲೈಟ್ ಬಗ್ಗೆ ನಾಲ್ಕು ಮಾತು ಸಾಕು. ಉಳಿದ ಹೊತ್ತೆಲ್ಲ ಡಿಸಿ ಕಾಮಿಕ್ಸ್‌ನ ಖಳರ ತಂಡ ಸೂಸೈಡ್ ಸ್ಕ್ವಾಡ್‌ಗೆ ಮೀಸಲು. ಸಿನಿಮಾ ನೋಡಿದ್ದರೆ ಸಾಲದು, 1987ರಲ್ಲಿ ಜಾನ್ ಆಸ್ಟ್ರಾಂಡರ್ ಆರಂಭಿಸಿದ ಸರಣಿಯನ್ನು ದಯವಿಟ್ಟು ಓದಿಕೊಂಡು ಬನ್ನಿ. ಅದರಲ್ಲಿ ಸರ್ಕಾರಿ ಅಧಿಕಾರಿ ಅಮಾಂಡಾ ವಾಲರ್ ಜೈಲಿನಲ್ಲಿರುವ ಖಳರಿಗೆ ಬಿಡುಗಡೆಯ ಆಸೆ ತೋರಿಸಿ, ಸರ್ಕಾರ ತನ್ನದೆಂದು ಒಪ್ಪಿಕೊಳ್ಳಲಾಗದ ಕೆಲಸಗಳಿಗೆ ಅಟ್ಟುತ್ತಾಳೆ. ಓಡಿಹೋಗದಂತೆ ಮಣಿಕಟ್ಟಿಗೆ ಸ್ಫೋಟಕದ ಬಳೆ. ತಂಡದಲ್ಲೇ ಇದ್ದ ಖಳ ಕ್ಯಾಪ್ಟನ್ ಬೂಮರಾಂಗ್‌ನ ಮಾತು ಕೇಳಿ ಓಡಿದ ಇನ್ನೊಬ್ಬ ಖಳ ಸ್ಲಿಪ್‌ನಾಟ್ ತೋಳನ್ನೇ ಕಳೆದುಕೊಳ್ಳುತ್ತಾನೆ; ಆ ಪುಟದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ತಪ್ಪು ಯಾರದು? ಪುಸಲಾಯಿಸಿದವನದೋ, ಬಳೆ ತೊಡಿಸಿದ ಸರ್ಕಾರದ್ದೋ? ನನಗಂತೂ ಸರ್ಕಾರದ್ದೇ ಎನಿಸುತ್ತದೆ. ಹಾಗಿದ್ದೂ ವಾಲರ್‌ಳಂಥ ಗಟ್ಟಿ ಪಾತ್ರ ಕಾಮಿಕ್ಸ್‌ನಲ್ಲಿ ಅಪರೂಪ. ಯಾವ ಅತಿಮಾನುಷ ಶಕ್ತಿಯೂ ಇಲ್ಲದೆ ಬ್ಯಾಟ್‌ಮ್ಯಾನ್‌ಗೂ ಎದುರು ನಿಲ್ಲುತ್ತಾಳೆ!

ಸಮಯ ಉಳಿದರೆ, ವೀರರೆಲ್ಲ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಬರುವ ಮಾರ್ವೆಲ್‌ನ 2006ರ ಸಿವಿಲ್ ವಾರ್ ಚರ್ಚಿಸೋಣ. ಪ್ರತಿ ಇರುವವರು ತಪ್ಪದೆ ತನ್ನಿ, ಹೊಸಬರಿಗೆ ಓದಲು ಕೊಡಬೇಕು. ಬರುವವರು ಶನಿವಾರದೊಳಗೆ ಇಲ್ಲಿ ತಿಳಿಸಿ.