ನಮ್ಮ ಓದುಗರ ದುಡ್ಡು ಬಿಡುಗಡೆ ಮಾಡಿ, ಮೆಸೇಜಿನಲ್ಲಿ ನಮ್ಮ ಹೆಸರು ಹಾಕಿ

ಧಾರವಾಡ
29 ಜುಲೈ 2024

ವ್ಯಾಪಾರಿಗಳ ಪರವಾಗಿ ಆನ್‌ಲೈನ್‌ನಲ್ಲಿ ದುಡ್ಡು ಸಂಗ್ರಹಿಸಿ ಕೊಡುವ ನಿಮ್ಮ ಕಂಪನಿಯ ಗ್ರಾಹಕ ಸೇವೆಯವರಿಗೆ ಮತ್ತು ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗಳಿಗೆ,

ನಮಸ್ಕಾರ. ಇದು ನಾನು ನಿಮಗೆ ಬರೆಯುತ್ತಿರುವ ಆರನೇ ಪತ್ರ. ಹಿಂದಿನ ಐದನ್ನೂ ಇಂಗ್ಲಿಷಿನಲ್ಲಿ ಬರೆದಿದ್ದೆ. ಐದಕ್ಕೂ 'ಪರಿಶೀಲನೆಯಲ್ಲಿದೆ' ಅಂತ ಒಂದೇ ಉತ್ತರ ಬಂತು, ಎರಡು ದಿನ ಬಿಟ್ಟು ಟಿಕೆಟ್ ಕ್ಲೋಸ್ ಆಯಿತು. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಸೇಲ್ಸ್ ಹುಡುಗ ನಮ್ಮ ಮನೆಗೆ ಬಂದು ಎರಡು ಗಂಟೆ ಕನ್ನಡದಲ್ಲೇ ಮಾತಾಡಿ ನಮ್ಮನ್ನು ಸೇರಿಸಿಕೊಂಡು ಹೋದ. ಅಂದಮೇಲೆ ಕನ್ನಡ ಓದುವವರೂ ನಿಮ್ಮಲ್ಲಿ ಇರಬೇಕು.

ಮೊದಲು ಮುಖ್ಯ ವಿಷಯ. ಜುಲೈ 5ರಂದು ನಮ್ಮ ಚಂದಾದಾರರ ಖಾತೆಯಿಂದ ಕಡಿತವಾದ ದುಡ್ಡಿನಲ್ಲಿ, ನಿಮ್ಮ ಶುಲ್ಕ ಕಳೆದು, 40,268 ರೂಪಾಯಿ ಇವತ್ತಿಗೂ ನಿಮ್ಮ ಹತ್ತಿರವೇ ಇದೆ. ಅದು ಇದೇ 8ರಂದು ನಮ್ಮ ಖಾತೆಗೆ ಬರಬೇಕಿತ್ತು. ಮೂರು ವಾರ ಆಯಿತು.

ನಿಮ್ಮ ದಾಖಲೆಯಲ್ಲಿ ನಾವು ಬರೀ ಒಂದು ಮರ್ಚೆಂಟ್ ನಂಬರ್ ಇರಬಹುದು, ಅದಕ್ಕೇ ಸ್ವಲ್ಪ ಹೇಳುತ್ತೇನೆ. ನಾನು ಮತ್ತು ನನ್ನ ನಾದಿನಿ ಸೇರಿ ಪ್ರತಿ ತಿಂಗಳು ಎರಡು ಕನ್ನಡ ಮಕ್ಕಳ ಪುಸ್ತಕ, ಜೊತೆಗೆ ಗದಗದ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಎಂಟು ಪುಟದ ಒಗಟು-ಆಟದ ಹಾಳೆ, ಇಷ್ಟನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುತ್ತೇವೆ. ತಿಂಗಳಿಗೆ 300 ರೂಪಾಯಿ ಚಂದಾ. ಪುಸ್ತಕದ ದುಡ್ಡು, ಪ್ರೆಸ್ಸಿನದ್ದು, ಅಂಚೆ, ಪ್ಯಾಕಿಂಗ್ ಎಲ್ಲ ಹೋಗಿ ಪೊಟ್ಟಣಕ್ಕೆ 40 ರೂಪಾಯಿ ಉಳಿದರೆ ಆ ತಿಂಗಳು ಚೆನ್ನಾಗಿತ್ತು ಅಂತ ಲೆಕ್ಕ. ಚಂದಾದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿದ್ದು ಮಕ್ಕಳಿಗೆ ಕನ್ನಡ ಓದು ತಪ್ಪಬಾರದು ಅಂತ ತರಿಸಿಕೊಳ್ಳುವವರು. ಉಳಿದವರು ಹಾವೇರಿ, ಗದಗ, ಶಿರಸಿ ಕಡೆಯ ಅಜ್ಜ-ಅಜ್ಜಿಯರು, ಮೊಮ್ಮಕ್ಕಳ ಹೆಸರಿಗೆ ದುಡ್ಡು ಕಟ್ಟುವವರು.

ನಾಲ್ಕು ವರ್ಷ ಇದನ್ನೆಲ್ಲ ಒಂದು ಕ್ಯೂಆರ್ ಕೋಡ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡೇ ನಡೆಸಿದೆವು. ತಿಂಗಳ ಮೊದಲ ಹತ್ತು ದಿನ ನಾದಿನಿಗೆ ಅದೇ ಕೆಲಸ. ಒಬ್ಬೊಬ್ಬರಿಗೂ ವಾಟ್ಸಾಪ್ ಮಾಡಬೇಕು, ಅವರು ಸ್ಕ್ರೀನ್‌ಶಾಟ್ ಕಳಿಸಬೇಕು, ಅದನ್ನು ಬ್ಯಾಂಕ್ ಸ್ಟೇಟ್‌ಮೆಂಟಿಗೆ ಹೊಂದಿಸಿ ಹೆಸರಿನ ಮುಂದೆ ಟಿಕ್ ಹಾಕಬೇಕು. 'ಕೊಟ್ಟಿದ್ದೀನಲ್ವಾ' ಅಂತ ಒಬ್ಬರು, 'ನಾಳೆ ಹಾಕ್ತೀನಿ' ಅಂತ ಹದಿನೈದು ದಿನ ಇನ್ನೊಬ್ಬರು. ಪರಿಚಯದವರ ಹತ್ತಿರ ತಿಂಗಳು ತಿಂಗಳು ದುಡ್ಡು ಕೇಳುವುದು ಎಷ್ಟು ಮುಜುಗರ ಅಂತ ಮಾಡಿದವರಿಗೇ ಗೊತ್ತು. 2020ರ ಜುಲೈನಲ್ಲಿ ಯುಪಿಐ ಆಟೋಪೇ ಬಂದಾಗಿಂದ ಅದರ ಮೇಲೆ ನಮ್ಮ ಕಣ್ಣಿತ್ತು. ಚಂದಾದಾರರು ಒಂದೇ ಸಲ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಸಾಕು, ಆಮೇಲೆ ತಿಂಗಳು ತಿಂಗಳು ತಾನಾಗಿ ಕಡಿತ ಆಗುತ್ತದೆ. 2022ರಿಂದ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಬೇಕಿಲ್ಲ, ನಮ್ಮದು ಬರೀ 300. ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು.

ಸುಮ್ನೆ ಯಾರೋ ಹೇಳಿದರು ಅಂತ ನಿಮ್ಮ ಹತ್ತಿರ ಬಂದವರಲ್ಲ ನಾವು. ಮಾರ್ಚ್ ತಿಂಗಳು ಪೂರ್ತಿ ಇದಕ್ಕೇ ಕೂತೆವು. ನಮ್ಮ ಬ್ಯಾಂಕಿನವರು ಖಾತೆಯಿಂದ ನೇರವಾಗಿ ಕಡಿತ ಮಾಡುವ ಇ-ನ್ಯಾಚ್ ಒಂದನ್ನೇ ಕೊಡುತ್ತೇವೆ ಅಂದರು, ಅದರಲ್ಲಿ ಅಜ್ಜ-ಅಜ್ಜಿಯರಿಗೆ ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಂತ ತುಂಬಾ ತಾಪತ್ರಯ. ಇನ್ನೊಂದು ಕಂಪನಿ ವರ್ಷದ ಶುಲ್ಕವನ್ನು ಮುಂಗಡವಾಗಿ ಕೇಳಿತು. ನಿಮ್ಮ ಹುಡುಗ ಬಂದಾಗ ನಾನು ಮೂರು ಪ್ರಶ್ನೆ ಕೇಳಿ ಉತ್ತರವನ್ನು ಅವನ ಎದುರಿಗೇ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಮುಂದಿದೆ. ಮಾರ್ಚ್ 14. 'ಯುಪಿಐಗೆ ಕಮಿಷನ್: ಸೊನ್ನೆ. ದುಡ್ಡು ಬರುವುದು: ಎರಡು ಕೆಲಸದ ದಿನ. ಮೆಸೇಜಿನಲ್ಲಿ ಹೆಸರು: ನಮ್ಮದೇ.' ಈ ಮೂರು ಮಾತು ನಂಬಿ ನಿಮ್ಮನ್ನು ಆರಿಸಿದೆವು. ಮೂರೂ ಸುಳ್ಳಾಗಿವೆ.

ಹೆಸರಿನ ವಿಷಯ ಮೊದಲು ಹೇಳುತ್ತೇನೆ, ನನಗೆ ಜಾಸ್ತಿ ನೋವಾಗಿರುವುದು ಅದರಲ್ಲೇ. ಮೇ ತಿಂಗಳಲ್ಲಿ 60 ಜನ, ಜೂನ್‌ನಲ್ಲಿ 110 ಜನ ಆಟೋಪೇಗೆ ಬಂದರು. ಆಗ ಎಲ್ಲ ಸರಿ ಇತ್ತು, ಮೆಸೇಜಿನಲ್ಲಿ ನಮ್ಮ ಹೆಸರೇ ಬರುತ್ತಿತ್ತು. ಜುಲೈಗೆ ಎಲ್ಲರನ್ನೂ ಸೇರಿಸಿ 240 ಆದರು. ಜೂನ್ ಕೊನೆಗೆ ನೀವು ಏನೋ ಸಿಸ್ಟಮ್ ಅಪ್‌ಗ್ರೇಡ್ ಅಂತ ಮೇಲ್ ಹಾಕಿದ್ದಿರಿ, ಅದಾದ ಮೇಲೆ ನಮ್ಮ ಹೆಸರು ಮಾಯವಾಯಿತು. ಜುಲೈ ಕಡಿತಕ್ಕೆ ಮುಂಚೆ ಜನರಿಗೆ ಹೋದ ಮೆಸೇಜಿನಲ್ಲಿ ಇದ್ದದ್ದು ನಿಮ್ಮ ಕಂಪನಿಯ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರ, ಅದರ ಪಕ್ಕ ಏಳು ಅಂಕಿ. ಪುಸ್ತಕ ಅಂತಿಲ್ಲ, ಧಾರವಾಡ ಅಂತಿಲ್ಲ, ಏನೂ ಇಲ್ಲ. ಗೊತ್ತಿಲ್ಲದ ಯಾರೋ ನಾಳೆ ನಿಮ್ಮ ಖಾತೆಯಿಂದ 300 ರೂಪಾಯಿ ತೆಗೆಯುತ್ತಾರೆ ಅಂತ ಮೆಸೇಜ್ ಬಂದರೆ ಈಗಿನ ಕಾಲದಲ್ಲಿ ಯಾರಾದರೂ ಏನು ಮಾಡುತ್ತಾರೆ?

ಹಾವೇರಿಯ ಒಬ್ಬ ಅಜ್ಜಿ, ರಿಟೈರ್ಡ್ ಟೀಚರ್, ಮೂರು ವರ್ಷದಿಂದ ಪುಣೆಯ ಮೊಮ್ಮಗನಿಗೆ ಪೊಟ್ಟಣ ಕಳಿಸುತ್ತಿರುವವರು, ಜುಲೈ 4ರ ಮಧ್ಯಾಹ್ನ ಫೋನ್ ಮಾಡಿದರು. "ಯವ್ವಾ, ಯಾರೋ ನನ್ನ ಖಾತೇದಾಗಿಂದ ಮುನ್ನೂರು ರೂಪಾಯಿ ತಗೀತಾರಂತ ಮೆಸೇಜ್ ಬಂದಿತ್ತು. ಮಳ್ಯಾಗ ಬ್ಯಾಂಕಿಗೆ ಹೋಗಿ ಅಲ್ಲಿ ಹುಡುಗನ ಕೈಯಾಗ ಫೋನ್ ಕೊಟ್ಟು ಬಂದ್ ಮಾಡಿಸಿ ಬಂದೆ. ನೀವೂ ಹುಷಾರ್ ಇರ್ರಿ, ನಿಮಗೂ ಬಂದೀತು." ನಮ್ಮನ್ನು ಎಚ್ಚರಿಸಬೇಕು ಅಂತ ಫೋನ್ ಮಾಡಿದ್ದರು. ಆ ಮೆಸೇಜ್ ನಮ್ಮದೇ ಚಂದಾದ್ದು ಅಂತ ಅವರಿಗೆ ಹೇಳುವಾಗ ನನ್ನ ಬಾಯಿ ಒಣಗಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ನಿಮ್ಮ ಹೆಸರು ಯಾಕ ಹಾಕಲಿಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತಿದ್ದೇನೆ.

ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಒಳ್ಳೆಯ ನಿಯಮ. ಅದರಲ್ಲಿ ದುಡ್ಡು ಯಾರಿಗೆ ಹೋಗುತ್ತದೆ, ಎಷ್ಟು, ಯಾವತ್ತು, ಯಾತಕ್ಕೆ ಅಂತ ಇರಬೇಕು. ಮೆಸೇಜ್ ಕಳಿಸುವುದು ಬ್ಯಾಂಕ್ ಇರಬಹುದು, ಆದರೆ ನಮ್ಮ ಹೆಸರನ್ನು ಮುಂದಕ್ಕೆ ದಾಟಿಸಬೇಕಾದವರು ನೀವು. ಕೆವೈಸಿ ಮಾಡುವಾಗ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಗ್ರಾಹಕರಿಗೆ ಕಾಣುವ ಹೆಸರು ಅನ್ನುವ ಜಾಗದಲ್ಲಿ ನಾವು ತುಂಬಿದ್ದು ಇವತ್ತಿಗೂ ಹಾಗೇ ಇದೆ, ಫೋಟೋ ಜೊತೆಗಿಟ್ಟಿದ್ದೇನೆ. ಆ ಎರಡು ದಿನದಲ್ಲಿ 19 ಜನ ಮ್ಯಾಂಡೇಟ್, ಅಂದರೆ ಕಡಿತಕ್ಕೆ ಕೊಟ್ಟ ಒಪ್ಪಿಗೆ, ರದ್ದು ಮಾಡಿದರು. ಹತ್ತೊಂಬತ್ತು ಜನರಿಗೂ ನಾನೇ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಹನ್ನೊಂದು ಜನ ವಾಪಸ್ ಬಂದಿದ್ದಾರೆ, ಆದರೆ ಆಟೋಪೇ ಬೇಡ, ಮೊದಲಿನ ಹಾಗೆ ಕ್ಯೂಆರ್ ಕಳಿಸಿ ಅಂದರು. ಅಲ್ಲಿಗೆ ನಾವು ಮತ್ತೆ ನೋಟ್‌ಬುಕ್ಕಿಗೇ ಬಂದ ಹಾಗಾಯಿತು.

ಇನ್ನು ತಡೆಹಿಡಿದ ದುಡ್ಡು. 5ನೇ ತಾರೀಖು 221 ಜನರ ಕಡಿತಕ್ಕೆ ಪ್ರಯತ್ನ ಆಗಿ, 24 ಫೇಲ್ ಆಗಿ, 197 ಜನರ 59,100 ರೂಪಾಯಿ ನಿಮ್ಮ ಹತ್ತಿರ ಬಂತು. ಸೋಮವಾರ 8ರಂದು ದುಡ್ಡಿನ ಬದಲು ನಿಮ್ಮ ರಿಸ್ಕ್ ವಿಭಾಗದ ಮೇಲ್ ಬಂತು. 'ಒಂದೇ ದಿನ ಅಸಹಜ ಪ್ರಮಾಣದ ವ್ಯವಹಾರ, ಸೆಟಲ್‌ಮೆಂಟ್ (ಅಂದರೆ ನಮಗೆ ದುಡ್ಡು ಕಳಿಸುವುದು) ತಡೆಹಿಡಿಯಲಾಗಿದೆ.' ಚಂದಾ ಅಂದರೆ ಎಲ್ಲರದ್ದೂ ಒಂದೇ ದಿನ ಬರುವುದೇ ಅಲ್ವಾ? ಬೇರೆ ಬೇರೆ ತಾರೀಖು ಇಟ್ಟುಕೊಳ್ಳಲೇ ಅಂತ ನಾನು ಕೇಳಿದಾಗ "ಎಲ್ಲರದ್ದೂ 5ಕ್ಕೇ ಇಡಿ ಮೇಡಂ, ಸಂಬಳ ಬಂದಿರುತ್ತೆ, ಫೇಲ್ ಆಗೋದು ಕಡಿಮೆ" ಅಂದವನು ನಿಮ್ಮ ಹುಡುಗನೇ. ನಿಮ್ಮ ಒಂದು ವಿಭಾಗ ಹೇಳಿದ ಹಾಗೆ ಮಾಡಿದ್ದಕ್ಕೆ ಇನ್ನೊಂದು ವಿಭಾಗ ನಮ್ಮ ಮೇಲೆ ಅನುಮಾನ ಪಟ್ಟಿತು. ಮೋಸ ತಡೆಯಲು ನೀವು ಪರಿಶೀಲನೆ ಮಾಡಬೇಕು, ಅದಕ್ಕೆ ನನ್ನ ತಕರಾರಿಲ್ಲ. ಪರಿಶೀಲನೆ ಅಂದರೆ ಒಬ್ಬರು ಕೂತು ಕಾಗದ ನೋಡಬೇಕು. ಮೂರು ವಾರದಲ್ಲಿ ಯಾರೂ ನೋಡಿದ ಹಾಗಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿಮ್ಮವರು ಮೂರು ಸಲ ನಮ್ಮ ಜಿಎಸ್‌ಟಿ ನಂಬರ್ ಕೇಳಿದ್ದಾರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮಕ್ಕಳ ಚಿತ್ರಪುಸ್ತಕಕ್ಕೂ ಇಲ್ಲ. ತೆರಿಗೆಯೇ ಇಲ್ಲದ ವಸ್ತುವನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ಇದನ್ನು ಮೂರು ಸಲವೂ ಬರೆದೆ. ಉದ್ಯಮ್ ಸರ್ಟಿಫಿಕೇಟ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರೆಸ್ಸಿನ ಬಿಲ್, ಕಡೆಗೆ ಅಂಚೆ ಕಚೇರಿಯ ರಸೀದಿಗಳ ಫೋಟೋ ಕೂಡ ಕಳಿಸಿದೆ. 15ರಂದು ಯಾವ ಮಾತೂ ಇಲ್ಲದೆ 18,000 ರೂಪಾಯಿ ಬಂತು. ಅಷ್ಟೇ ಯಾಕೆ, ಉಳಿದದ್ದು ಯಾಕಿಲ್ಲ, ಯಾರೂ ಹೇಳಲಿಲ್ಲ. ನಮ್ಮ ಕಾಗದ ಸರಿ ಇಲ್ಲದಿದ್ದರೆ ಆ 18,000 ಹೇಗೆ ಬಂತು? ಸರಿ ಇದ್ದರೆ ಉಳಿದದ್ದು ಯಾಕೆ ನಿಂತಿದೆ?

ಈ ದುಡ್ಡು ನಿಮ್ಮದಲ್ಲ. 2020ರ ಮಾರ್ಚ್ 17ರ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಪ್ರಕಾರ ನಿಮ್ಮಂಥ ಕಂಪನಿಗಳು ಜನರಿಂದ ಬಂದ ದುಡ್ಡನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಬೇರೆಯಾಗಿ ಇಡಬೇಕು, ಅದು ವ್ಯಾಪಾರಿಗೆ ಸೇರಬೇಕಾದ ದುಡ್ಡು ಅಂತಲೇ. ಪುಸ್ತಕ ಬರುತ್ತದೆ ಅಂತ ನಂಬಿ ಜನ ಕೊಟ್ಟಿದ್ದಾರೆ. ಜುಲೈ ಪೊಟ್ಟಣಗಳನ್ನು 12ಕ್ಕೆ ಅಂಚೆಗೆ ಹಾಕಬೇಕಿತ್ತು. ಅಂಚೆಗೆ ದುಡ್ಡಿಲ್ಲದೆ ಪುಸ್ತಕಗಳು ನಮ್ಮ ಪಡಸಾಲೆಯಲ್ಲಿ ತಾಡಪಾಲಿನ ಕೆಳಗೆ ಹತ್ತು ದಿನ ಕೂತವು. ಧಾರವಾಡದ ಮಳೆ ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ ನೋಡಿ, ಈ ತಿಂಗಳಲ್ಲಿ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಕೆಳಗಿನ ಸಾಲಿನ ಹದಿನಾಲ್ಕು ಪುಸ್ತಕಗಳ ರಟ್ಟು ಉಬ್ಬಿ ಹೋದವು, ಅವನ್ನು ಮಕ್ಕಳಿಗೆ ಕಳಿಸಲು ಮನಸ್ಸಾಗಲಿಲ್ಲ. ಕಡೆಗೆ ನಾದಿನಿ ತನ್ನ ಚೀಟಿ ದುಡ್ಡು ತೆಗೆದು ಕೊಟ್ಟಳು, 22ಕ್ಕೆ ಕಳಿಸಿದೆವು. ಗದಗದ ಪ್ರೆಸ್ಸಿನವರಿಗೆ ಇನ್ನೂ ಕೊಟ್ಟಿಲ್ಲ. ಅವರು ಕೇಳಿಲ್ಲ. ಕೇಳದೇ ಇದ್ದಾರಲ್ಲ ಅಂತ ನನಗೆ ಇನ್ನೂ ಸಂಕಟ.

ಕಮಿಷನ್ ವಿಷಯ ಚಿಕ್ಕದು, ಆದರೂ ಹೇಳಲೇಬೇಕು. ಯುಪಿಐಗೆ ಎಂಡಿಆರ್, ಅಂದರೆ ವ್ಯಾಪಾರಿಯಿಂದ ತೆಗೆಯುವ ಕಮಿಷನ್, ಇಲ್ಲ ಅನ್ನುವುದು 2020ರ ಜನವರಿ 1ರಿಂದ ಇರುವ ವ್ಯವಸ್ಥೆ, ಅದು ಎಲ್ಲರಿಗೂ ಗೊತ್ತು. ನಿಮ್ಮ ಹುಡುಗ ಅದನ್ನೇ ತೋರಿಸಿ ಸೊನ್ನೆ ಅಂದ. ಬಿಲ್ ತೆಗೆದು ನೋಡಿದರೆ 'ಸಬ್‌ಸ್ಕ್ರಿಪ್ಷನ್ ಪ್ಲಾಟ್‌ಫಾರ್ಮ್ ಶುಲ್ಕ' ಅಂತ 0.99 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 300ಕ್ಕೆ ಮೂರೂವರೆ ರೂಪಾಯಿ. ಜೊತೆಗೆ ಫೇಲ್ ಆದ ಪ್ರತಿ ಪ್ರಯತ್ನಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ, ಅಂದರೆ ನಮಗೆ ಒಂದು ಪೈಸೆ ಬಾರದ 24 ಕಡಿತಕ್ಕೆ 141 ರೂಪಾಯಿ 60 ಪೈಸೆ ಹೋಯಿತು. ನೋಂದಣಿ ಇಲ್ಲದ ನಮಗೆ ಆ ಜಿಎಸ್‌ಟಿ ವಾಪಸ್ ಬರುವ ದಾರಿಯೂ ಇಲ್ಲ. ನೀವು ಸಾಫ್ಟ್‌ವೇರ್ ನಡೆಸುತ್ತೀರಿ, ಅದಕ್ಕೆ ಖರ್ಚಿದೆ, ಶುಲ್ಕ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಮುಂಚೆ ಹೇಳಿದ್ದರೆ ಚಂದಾ 305 ಮಾಡುತ್ತಿದ್ದೆವು, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಮಾರ್ಚ್‌ನಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ನಾಳೆ ನಾವು ಬಿಟ್ಟು ಹೋಗಬೇಕಾದರೆ ಮ್ಯಾಂಡೇಟ್‌ಗಳನ್ನು ಜೊತೆಗೆ ತಗೊಂಡು ಹೋಗಬಹುದೇ ಅಂತ. ಹೋದ ವಾರ ಕೇಳಿದೆ. 'ಸಾಧ್ಯವಿಲ್ಲ' ಅಂತ ಒಂದು ಪದದ ಉತ್ತರ ಬಂತು. ಅಂದರೆ ಬೇರೆ ಕಡೆ ಹೋದರೆ 221 ಜನ ಮತ್ತೆ ಹೊಸದಾಗಿ ಒಪ್ಪಿಗೆ ಕೊಡಬೇಕು. ಕಾರ್ಡ್ ಕೊಟ್ಟವರದ್ದೂ ಅದೇ ಕಥೆ, 2022ರ ಅಕ್ಟೋಬರಿನಿಂದ ಕಾರ್ಡ್ ನಂಬರನ್ನು ನಾವಾಗಲಿ ನೀವಾಗಲಿ ಇಟ್ಟುಕೊಳ್ಳುವ ಹಾಗಿಲ್ಲ, ಎಲ್ಲ ಟೋಕನ್, ಅಂದರೆ ಅದರ ಬದಲಿಗೆ ಬಳಸುವ ಬೇರೆ ಸಂಖ್ಯೆ. ಆ ಭದ್ರತೆ ಬೇಕು, ಒಪ್ಪುತ್ತೇನೆ. ಆದರೆ ಬಿಟ್ಟು ಹೋಗುವುದು ಕಷ್ಟ ಅಂತ ಗೊತ್ತಿದ್ದೇ ನೀವು ಉತ್ತರ ಕೊಡದೆ ಕೂತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ. ಚಂದಾ ವ್ಯವಹಾರ ಶುರು ಮಾಡುತ್ತೇನೆ ಅಂತ ಯಾರೇ ನನ್ನನ್ನು ಕೇಳಿದರೂ ಈಗ ಮೊದಲು ಇದನ್ನೇ ಹೇಳುತ್ತಿದ್ದೇನೆ, ಸೇರುವ ಮುಂಚೆ ಬಿಡುವುದು ಹೇಗೆ ಅಂತ ಬರವಣಿಗೆಯಲ್ಲಿ ತಗೊಳ್ಳಿ ಅಂತ.

ನಮಗೆ ಬೇಕಾದದ್ದು ಇಷ್ಟು. ಉಳಿದ 40,268 ರೂಪಾಯಿಯನ್ನು ಆಗಸ್ಟ್ 2ರ ಒಳಗೆ ಬಿಡುಗಡೆ ಮಾಡಿ, ಆಗುವುದಿಲ್ಲ ಅಂದರೆ ಯಾವ ಕಾಗದ ಕಡಿಮೆ ಇದೆ ಅಂತ ಹೆಸರಿಟ್ಟು ಹೇಳಿ. ಆಗಸ್ಟ್ 5ಕ್ಕೆ ಮುಂದಿನ ಕಡಿತ ಇದೆ, ಅದರ ಮೆಸೇಜ್ 4ನೇ ತಾರೀಖಿಗೆ ಮುಂಚೆಯೇ ಹೊರಡುತ್ತದೆ. ಅಷ್ಟರೊಳಗೆ ನಮ್ಮ ಹೆಸರು ಸರಿ ಮಾಡಿ. ಮಾಡಲಾಗದಿದ್ದರೆ ಆಗಸ್ಟ್ ಕಡಿತವನ್ನೇ ನಿಲ್ಲಿಸಿ. ಇನ್ನೊಬ್ಬ ಅಜ್ಜಿ ಮಳೆಯಲ್ಲಿ ಬ್ಯಾಂಕಿಗೆ ಓಡುವುದು ನನಗೆ ಬೇಡ. ಶುಲ್ಕದ ವಿಷಯದಲ್ಲಿ ನಾವು ಸಹಿ ಮಾಡಿದ ಕಾಗದದಲ್ಲಿ ಎಲ್ಲಿ ಬರೆದಿತ್ತು ತೋರಿಸಿ, ಇಲ್ಲದಿದ್ದರೆ ಮೇ ತಿಂಗಳಿಂದ ತೆಗೆದದ್ದನ್ನು ವಾಪಸ್ ಕೊಡಿ. ಮತ್ತೆ ನಿಮ್ಮ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರ್ ಬರೆದು ತಿಳಿಸಿ. ಅಂಥ ಅಧಿಕಾರಿ ಇರಬೇಕು ಅಂತ ಅದೇ 2020ರ ಮಾರ್ಗಸೂಚಿಯಲ್ಲಿದೆ, ನಿಮ್ಮ ವೆಬ್‌ಸೈಟಿನಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಮೊದಲ ದೂರು ಕೊಟ್ಟದ್ದು ಜುಲೈ 9. ಆಗಸ್ಟ್ 8ಕ್ಕೆ 30 ದಿನ ತುಂಬುತ್ತದೆ. ಅಷ್ಟರಲ್ಲಿ ಇತ್ಯರ್ಥ ಆಗದಿದ್ದರೆ ಈ ಪತ್ರ, ಹಿಂದಿನ ಐದು ಪತ್ರ ಎಲ್ಲವನ್ನೂ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಕಳಿಸುತ್ತೇನೆ. ಇದನ್ನು ಮೊದಲೇ ತಿಳಿಸುತ್ತಿದ್ದೇನೆ.

ಫೋನ್ ಮಾಡುವುದಾದರೆ ಮಧ್ಯಾಹ್ನ ಎರಡರ ಮೇಲೆ ಮಾಡಿ, ಬೆಳಿಗ್ಗೆ ಪ್ಯಾಕಿಂಗ್ ಮತ್ತು ಅಂಚೆ ಕಚೇರಿ ಕೆಲಸ ಇರುತ್ತದೆ. ನಂಬರ್ ನಿಮ್ಮ ದಾಖಲೆಯಲ್ಲಿದೆ.

ಇಂತಿ,
ತಿಂಗಳ ಮಕ್ಕಳ ಪುಸ್ತಕ ಪೊಟ್ಟಣ ಕಳಿಸುವವರು
ಧಾರವಾಡ

ಜೊತೆಗೆ: ನೋಟ್‌ಬುಕ್ ಪುಟದ ಫೋಟೋ, ಡ್ಯಾಶ್‌ಬೋರ್ಡ್ ಫೋಟೋ, ಚಂದಾದಾರರಿಗೆ ಬಂದ ಮೆಸೇಜ್, ಮೇ, ಜೂನ್, ಜುಲೈ ಬಿಲ್‌ಗಳು.